ಹಳೇದು ತನ್ನಿ, ಹೊಸದು ಕೊಡ್ತೀನಿ

ಎದುರುಮನೆಯ ಬಾಗಿಲಿಗೆ ಈಗ ಬೇರೆಯವರ ಹೆಸರಿನ ಫಲಕ ಬಂದಿದೆ. ಬಾಡಿಗೆಗೆ ಬಂದಿರುವ ಗಂಡ ಹೆಂಡತಿ ಚಿಕ್ಕ ವಯಸ್ಸಿನವರು, ಇಬ್ಬರೂ ನೋಯ್ಡಾದಲ್ಲಿ ಕೆಲಸ ಮಾಡುತ್ತಾರೆ, ಒಳ್ಳೆಯವರು. ಫಲಕದಲ್ಲಿ ನಾಲ್ಕು ತೂತುಗಳಿವೆ. ಮೂರಕ್ಕೆ ತಿರುಪು ಹಾಕಿ ನಾಲ್ಕನೆಯದನ್ನು ಹಾಗೇ ಬಿಟ್ಟಿದ್ದಾರೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದಾಗಲೆಲ್ಲ ಆ ಖಾಲಿ ತೂತು ಕಣ್ಣಿಗೆ ಬೀಳುತ್ತದೆ, ಅಲ್ಲಿ ಮೊದಲಿದ್ದವರು ನೆನಪಾಗುತ್ತಾರೆ. ಅವರಿದ್ದಿದ್ದರೆ ಇಷ್ಟು ಹೊತ್ತಿಗೆ ಗಂಟೆ ಒತ್ತಿ, ‘ಬೇಟಾ, ಏಕ್ ಪೇಚ್ ಕಮ್ ಹೈ’ ಎಂದು ಹೇಳಿ, ತಮ್ಮ ಡಬ್ಬಿಯಿಂದ ಅದೇ ಅಳತೆಯ, ಅದೇ ಬಣ್ಣದ ತಿರುಪನ್ನು ತಂದು ಕೊಟ್ಟಿರುತ್ತಿದ್ದರು.

ಅವರ ಹೆಸರು ಬರೆಯುವುದಿಲ್ಲ. ಸೊಸೈಟಿಯ ನೀರಿನ ಪಂಪನ್ನು ಮುಂದೆ ನಿಂತು ಸರಿಮಾಡಿಸಿದ್ದಕ್ಕೆ ಕೃತಜ್ಞತೆ ಎಂದು ಒಮ್ಮೆ ನೋಟಿಸ್ ಬೋರ್ಡಿನಲ್ಲಿ ಅವರ ಹೆಸರು ಹಾಕಿದ್ದರು. ಅವರೇ ಕೆಳಗೆ ಹೋಗಿ ಕಾಗದ ಕಿತ್ತು ಮಡಚಿಕೊಂಡು ಬಂದರು. ‘ಪಂಪು ಓಡ್ತಿದ್ಯಲ್ಲ, ಸಾಕು. ಪಿನ್ನು ಬೇರೆದಕ್ಕೆ ಬರುತ್ತೆ’ ಎಂದು ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡರು. ಅಂಥವರ ಹೆಸರನ್ನು ನಾನು ಇಲ್ಲಿ ಹಾಕಿದರೆ ಎಲ್ಲಿದ್ದರೂ ಬಂದು ಕಿತ್ತಾರು.

ಮಯೂರ್ ವಿಹಾರದ ಈ ಸೊಸೈಟಿಗೆ ನಾವು ಬಂದ ದಿನ ನಮ್ಮ ಕಬ್ಬಿಣದ ಬೀರು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಕೂಲಿಯವರು ತಳ್ಳುತ್ತಿದ್ದರು, ನಮ್ಮನೆಯವರು ಪಕ್ಕಕ್ಕೆ ಓರೆ ಮಾಡಿ ಅನ್ನುತ್ತಿದ್ದರು, ನಾನು ಕನ್ನಡದಲ್ಲಿ ಎಲ್ಲರನ್ನೂ ಬೈಯುತ್ತಿದ್ದೆ. ಎದುರು ಬಾಗಿಲು ತೆರೆಯಿತು. ಕುಳ್ಳಗಿನ ಹೆಂಗಸು, ಸೀರೆಯ ಮೇಲೆ ಗಂಡಸರ ಸ್ವೆಟರ್, ಕನ್ನಡಕಕ್ಕೆ ಕಪ್ಪು ದಾರ.

‘ಬೈದರೆ ಬೀರು ಸಣ್ಣದಾಗಲ್ಲ. ಅಳತೆ ತೆಗೆದಿದ್ರಾ?’

ದೆಹಲಿಯಲ್ಲಿ ಎದುರುಮನೆಯವರ ಬಾಯಿಂದ ಕನ್ನಡ ಕೇಳಿದರೆ ಯಾರಿಗಾದರೂ ಸಂತೋಷವಾಗಬೇಕು. ನನಗೆ ಸಿಟ್ಟು ಬಂತು, ಅಳತೆ ತೆಗೆದಿರಲಿಲ್ಲ. ಅವರು ಒಳಗಿನಿಂದ ಟೇಪು ತಂದು ಬೀರು ಅಳೆದರು, ಬಾಗಿಲು ಅಳೆದರು. ಬಾಗಿಲಿನ ರೆಕ್ಕೆಯನ್ನು ಕೀಲಿನಿಂದ ಕಳಚಿಸಿದರು. ಬೀರು ಒಳಗೆ ಹೋಯಿತು. ರೆಕ್ಕೆ ಮತ್ತೆ ಕೂರಿಸುವವರೆಗೆ ನಿಂತಿದ್ದು, ‘ಕಾಫಿ ಮಾಡಿದಾಗ ಕರೀರಿ’ ಎಂದು ಹೋದರು. ಹಾಗೆ ಶುರುವಾಯಿತು.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಅವರು ಫರೀದಾಬಾದಿನ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿ, ಅದೇ ಸ್ಟೋರ್ಸಿನ ಮುಖ್ಯಸ್ಥೆಯಾಗಿ ಹೊರಬಂದವರು. ದಾವಣಗೆರೆಯಿಂದ ಅಣ್ಣನ ಜೊತೆ ಬಂದವರು, ಮದುವೆಯಾಗಲಿಲ್ಲ, ಅಣ್ಣ ಹೋದ ಮೇಲೆ ಈ ಕಡೆ ಫ್ಲ್ಯಾಟ್ ಕೊಂಡುಕೊಂಡರು. ನನ್ನನ್ನು ‘ಸಿಸ್ಟರ್’ ಅನ್ನುತ್ತಿದ್ದರು. ಭೂಗೋಳ ಕಲಿಸುತ್ತಿದ್ದ ನಮ್ಮನೆಯವರನ್ನು ‘ಮೇಷ್ಟ್ರೇ’ ಅನ್ನುತ್ತಿದ್ದರು. ನಾನು ಕೊನೆಯವರೆಗೂ ಅವರನ್ನು ‘ಇವರೇ’ ಎಂದೇ ಕರೆದೆ. ‘ಇವರೇ, ಕಾಫಿ ಆಯ್ತು’ ಅಂದರೆ ಎರಡು ಬಾಗಿಲು ದಾಟಿ ಕೇಳಿಸುತ್ತಿತ್ತು.

ಎಡಗೈಯವರು. ಬರೆಯುವುದು, ತಿರುಪು ತಿರುಗಿಸುವುದು, ಲೋಟ ಹಿಡಿಯುವುದು ಎಲ್ಲ ಎಡಗೈಯಲ್ಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಡಗೈಯಲ್ಲಿ ಕೊಟ್ಟ ಸಾಮಾನು ಮುಟ್ಟುವುದಿಲ್ಲ ಎಂದು ಒಬ್ಬ ಹಳೆಯ ಫಿಟ್ಟರ್ ಕೌಂಟರಿನ ಮುಂದೆ ಕೈಕಟ್ಟಿ ನಿಂತಿದ್ದನಂತೆ.

‘ಏನು ಮಾಡಿದ್ರಿ?’ ಎಂದು ನಮ್ಮನೆಯವರು ಕೇಳಿದ್ದರು.

‘ನಟ್ಟನ್ನ ಕೌಂಟರ್ ಮೇಲಿಟ್ಟು, ಭಯ್ಯಾ, ಈಗ ಇದನ್ನ ಟೇಬಲ್ ಕೊಡ್ತಿದೆ, ತಗೊಳ್ಳಿ ಅಂದೆ. ತಗೊಂಡ. ಆಮೇಲೆ ತಾನು ರಿಟೈರ್ ಆದ ದಿನ ನನ್ನ ಕೌಂಟರಿಗೆ ಬಂದು ಅತ್ತಿದ್ದೂ ಅವನೇ.’

ಅವರಿಗೆ ಆಗದ ಒಂದು ಮಾತೆಂದರೆ ‘ಸದ್ಯಕ್ಕೆ’. ಸದ್ಯಕ್ಕೆ ಒಂದು ದಾರ ಕಟ್ಟಿಡಿ, ಸದ್ಯಕ್ಕೆ ಒಂದು ಇಟ್ಟಿಗೆ ಒರಗಿಸಿ ಎಂದು ಯಾರಾದರೂ ಅಂದರೆ, ಹುಳಿ ತಿಂದವರ ಹಾಗೆ ಮುಖ ಮಾಡುತ್ತಿದ್ದರು. ‘ಈ ದಿಲ್ಲಿಯಲ್ಲಿ ಸದ್ಯಕ್ಕೆ ಅಂತ ಮಾಡಿದ್ದು ಯಾವುದಾದರೂ ಒಂದು ಬದಲಾಗಿದ್ದು ನೋಡಿದ್ದೀರಾ ಸಿಸ್ಟರ್? ಮೊಮ್ಮಕ್ಕಳ ಕಾಲಕ್ಕೂ ಅದೇ ಇಟ್ಟಿಗೆ.’

ಅವರ ಇನ್ನೊಂದು ಮಾತು ಸ್ಟೋರ್ಸಿನ ನಿಯಮದ್ದು: ಹಳೇದು ತನ್ನಿ, ಹೊಸದು ಕೊಡ್ತೀನಿ. ಮುರಿದ ಭಾಗ ಕೌಂಟರಿಗೆ ಬಾರದೆ ಹೊಸ ಭಾಗ ಹೊರಗೆ ಹೋಗುವಂತಿಲ್ಲ. ನಮ್ಮ ಆಸ್ಪತ್ರೆಯಲ್ಲೂ ಅದೇ ಪದ್ಧತಿ ಇತ್ತು. ಒಡೆದ ಥರ್ಮಾಮೀಟರಿನ ಗಾಜು ಒಪ್ಪಿಸದಿದ್ದರೆ ಹೊಸ ಥರ್ಮಾಮೀಟರ್ ಇಲ್ಲ. ನಾವು ಇಬ್ಬರೂ ಕೌಂಟರಿನ ಎರಡು ಬದಿಯಲ್ಲಿ ನಿಂತು ಇಡೀ ಕಾಲ ಕಳೆದವರು. ನಾನು ಒಡೆದದ್ದನ್ನು ಹಿಡಿದು ನಿಂತವಳು, ಅವರು ಕೈಚಾಚಿ ಕೇಳುವವರು. ‘ಹಳೇದು ಯಾಕೆ ಕೇಳ್ತೀರಿ, ನಂಬಿಕೆ ಇಲ್ವಾ?’ ಎಂದು ನಾನು ಒಮ್ಮೆ ಕೆಣಕಿದೆ. ‘ನಂಬಿಕೆ ಇದೆ. ಮಾತಿಗೆ ಕಣ್ಣಿಲ್ಲ’ ಅಂದರು. ‘ಜನ ಬಾಯಲ್ಲಿ ಹೇಳೋದೇ ಒಂದು, ಮುರಿದಿರೋದೇ ಒಂದು. ಹಳೇದನ್ನ ಕೈಯಲ್ಲಿ ಹಿಡಿದರೆ ಅದೇ ಹೇಳುತ್ತೆ ತನಗೆ ಏನಾಯ್ತು ಅಂತ.’

ನಮ್ಮನೆಯವರಿಗೆ ಗ್ಲಾಕೋಮಾ ಇತ್ತು. ಕಣ್ಣಿನ ಒತ್ತಡ ಒಳಗೊಳಗೇ ನರವನ್ನು ತಿಂದುಹಾಕಿತು. ಮೊದಲು ಪಕ್ಕದ್ದು ಕಾಣದಾಯಿತು, ಆಮೇಲೆ ಎದುರಿನದ್ದು. ಈಗ ಕಿಟಕಿ ಎಲ್ಲಿದೆ ಎಂದಷ್ಟೇ ತಿಳಿಯುತ್ತದೆ. ಗ್ಯಾಸಿನ ಒಲೆಯ ಹತ್ತಿರ ಹೋಗಬಾರದು ಎಂದು ನಾನೇ ಕಟ್ಟುಮಾಡಿದೆ. ಮನೆಯಲ್ಲಿ ಸಂಜೆ ನಾಲ್ಕರ ಕಾಫಿ ಮದುವೆಯಾದಂದಿನಿಂದ ಅವರ ಪಾಲಿನ ಕೆಲಸ. ಅದು ತಪ್ಪಿಹೋದ ಮೇಲೆ ಅವರು ಕುರ್ಚಿಯಲ್ಲಿ ಕೂತು ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನಾಲ್ಕಾಗುವುದನ್ನು ಕಾಯುತ್ತಿದ್ದರು. ಕಾಯುವ ಕೈಗಳನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

‘ಮೈಕ್ರೋವೇವ್ ತಗೊಳ್ಳಿ. ನನ್ನ ಹತ್ತಿರ ಇರೋ ಮಾಡೆಲ್ಲೇ ತಗೊಳ್ಳಿ’ ಎಂದು ಎದುರುಮನೆಯವರು ತೀರ್ಮಾನ ಕೊಟ್ಟರು. ‘ನುಣ್ಣನೆ ಗಾಜಿನ ಮೇಲೆ ಒತ್ತೋ ಬಟನ್ ಬೇಡ, ಅದು ಮೇಷ್ಟ್ರ ಬೆರಳಿಗೆ ಏನೂ ಹೇಳಲ್ಲ. ಇದಕ್ಕೆ ತಿರುಗಿಸೋ ಎರಡು ಗುಂಡಿ, ಎಳೆಯೋಕೆ ಒಂದು ಹ್ಯಾಂಡಲ್. ಬಿಡಿಭಾಗ ಯಾವಾಗಲೂ ಸಿಗುತ್ತೆ, ನನ್ನ ಮಾತು.’

ಓವನ್ ಬಂದ ದಿನ ಅವರು ವಾರದ ಸಂತೆಯಿಂದ ಹರಳಿನ ಬಿಂದಿಯ ಪಾಕೀಟು ತಂದರು. ಹಣೆಗೆ ಬಿಂದಿ ಇಡದವರು ಬಿಂದಿ ತಂದದ್ದು ನೋಡಿ ನಾನು ನಕ್ಕೆ. ಅವರು ಗುಂಡಿಯ ಸುತ್ತ ಬೇಕಾದ ಕಡೆ ಒಂದೊಂದೇ ಅಂಟಿಸಿದರು. ‘ಮೇಷ್ಟ್ರೇ, ಒಂದು ಹರಳು ಅಂದರೆ ಒಬ್ಬರ ಹಾಲು. ಎರಡು ಅಂದರೆ ಇಬ್ಬರದು. ಮೂರು ಹರಳು ನಾನು ಬಂದಾಗ.’ ಭೂಪಟದ ಮೇಲೆ ಬೆರಳಿಟ್ಟು ನದಿ ಎಲ್ಲಿ ತಿರುಗುತ್ತದೆ ಎಂದು ಮಕ್ಕಳಿಗೆ ತೋರಿಸುತ್ತಿದ್ದವರು, ಆ ಹರಳುಗಳ ಮೇಲೆ ಬೆರಳಾಡಿಸಿ ಮೆಲ್ಲನೆ ಕಲಿತರು. ಬಾಗಿಲಿನ ಹಿಡಿಕೆಯೇ ಅವರಿಗೆ ಆ ಊರಿನ ಹೆಬ್ಬಾಗಿಲು. ಕಟ್ಟೆಯ ಮೇಲೆ ಕೈ ಸವರುತ್ತ ಬಂದು ಹಿಡಿಕೆ ಸಿಕ್ಕಿತೆಂದರೆ, ಅಲ್ಲಿಂದ ಗುಂಡಿ ಎಲ್ಲಿ, ಹಾಲಿನ ಪಾತ್ರೆ ಎಲ್ಲಿ, ಡಿಕಾಕ್ಷನ್ ಎಲ್ಲಿ ಎಲ್ಲವೂ ಲೆಕ್ಕ. ಸಂಜೆ ನಾಲ್ಕಕ್ಕೆ ಮತ್ತೆ ಅವರ ಕೈಯ ಕಾಫಿ ಬರತೊಡಗಿತು. ಎದುರುಮನೆಯವರು ಬಂದು ಕುಡಿದು, ‘ಸಕ್ಕರೆ ಕಮ್ಮಿ’ ಎಂದು ತಪ್ಪದೆ ದೂರು ಹೇಳಿ ಹೋಗುತ್ತಿದ್ದರು.

ಕೆಲವು ವರ್ಷ ಹೀಗೆ ನಡೆಯಿತು. ಒಂದು ಬೇಸಿಗೆಯಲ್ಲಿ ಹಿಡಿಕೆ ಮುರಿಯಿತು. ಎರಡೂ ತುದಿಯಲ್ಲಿ ತಿರುಪಿನ ಬುಡದಲ್ಲೇ ಮುರಿದು ಇಡಿಯಾಗಿ ನಮ್ಮನೆಯವರ ಕೈಗೆ ಬಂತು. ‘ಮುರಿದುಬಿಟ್ಟೆ ಕಣೇ’ ಎಂದು ಅದನ್ನು ಹಿಡಿದು ನಿಂತಿದ್ದರು. ‘ನೀವೇನು ಮುರಿದದ್ದು, ಪ್ಲಾಸ್ಟಿಕ್‌ಗೆ ವಯಸ್ಸಾಯ್ತು’ ಎಂದು ನಾನು ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದೆ. ಮುರಿದದ್ದು, ಕೊಳೆತದ್ದು ಮನೆಯೊಳಗೆ ರಾತ್ರಿ ಉಳಿಯಬಾರದು ಎನ್ನುವುದು ನನ್ನ ವಾರ್ಡಿನ ಅಭ್ಯಾಸ. ಆಮೇಲೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಬಾಗಿಲಿಗೆ ಒಂದು ಕುಣಿಕೆ ಮಾಡಿ ಅಂಟಿಸಿದೆ.

ಮರುದಿನ ಪಟ್ಟಿಯ ಒಂದು ತುದಿ ಕಿತ್ತುಬಂತು. ಅವರು ಬಾಗಿಲಿನ ಅಂಚಿಗೆ ಉಗುರು ಹಾಕಿ ಜಗ್ಗಿದ್ದಾರೆ, ಓವನ್ನೇ ಮುಂದಕ್ಕೆ ಜರುಗಿದೆ, ಬಾಗಿಲು ಪಟ್ಟನೆ ತೆರೆದು ಒಳಗಿನ ಬಿಸಿ ಹಾಲು ಪಾದದ ಮೇಲೆ ಚೆಲ್ಲಿದೆ. ಸುಟ್ಟದ್ದು ದೊಡ್ಡದೇನಲ್ಲ, ಮುಲಾಮಿಗೆ ವಾಸಿಯಾಯಿತು. ಆದರೆ ಮರುದಿನ ನಾಲ್ಕಕ್ಕೆ ಅವರು ಕುರ್ಚಿಯಿಂದ ಏಳಲಿಲ್ಲ.

‘ನೀನೇ ಮಾಡಿ ಕೊಟ್ಟುಬಿಡು’ ಅಂದರು.

ಆ ಮಾತು ನನಗೆ ಗೊತ್ತು. ವಾರ್ಡಿನಲ್ಲಿ ಎಷ್ಟು ಬಾಯಿಂದ ಕೇಳಿದ್ದೇನೆ. ನೀವೇ ತಿನ್ನಿಸಿಬಿಡಿ ಸಿಸ್ಟರ್, ನೀವೇ ಮುಖ ಒರೆಸಿಬಿಡಿ ಸಿಸ್ಟರ್. ಕೈಕಾಲು ಆಡುವ ಮನುಷ್ಯ ಒಂದು ಕೆಲಸ ಬಿಟ್ಟುಕೊಟ್ಟರೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ವಾರ ಇನ್ನೊಂದು, ಅದರ ಮುಂದೆ ಮತ್ತೊಂದು. ಹೊಸ ಓವನ್ ತರೋಣ ಎಂದೆ. ‘ಇದನ್ನ ಕಲಿತದ್ದೇ ಸಾಕು. ಇನ್ನೊಂದು ಕಲಿಯೋಕೆ ನನ್ನ ಕೈಲಾಗಲ್ಲ’ ಅಂದರು. ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಕೋಪ ಇರಲಿಲ್ಲ.

ಅಂದು ಕಾಫಿಗೆ ಬಂದ ಎದುರುಮನೆಯವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

‘ಇದು ಮೇಷ್ಟ್ರ ಕಾಫಿ ಅಲ್ಲ.’

ಹೇಳಿದೆ. ಅಡುಗೆಮನೆಗೆ ಬಂದು ನೋಡಿದರು.

‘ಈ ಪಟ್ಟಿ ಯಾರು ಹಚ್ಚಿದ್ದು?’

‘ನಾನೇ. ಸದ್ಯಕ್ಕೆ...’

ಮುಖ ಹುಳಿಯಾಯಿತು. ‘ಹಳೇ ಹ್ಯಾಂಡಲ್ ಎಲ್ಲಿ?’

‘ಕಸದ ಗಾಡಿಗೆ ಹೋಯ್ತು.’

‘ಹೋಗಲಿ, ಮಾಡೆಲ್ ನಂಬರಿನ ಸ್ಟಿಕ್ಕರ್?’ ಬಾಗಿಲ ಒಳಗಿನ ಚೌಕಟ್ಟಿಗೆ ಕನ್ನಡಕ ತಾಗುವಷ್ಟು ಬಗ್ಗಿದರು. ಅಲ್ಲಿ ಕನ್ನಡಿಯ ಹಾಗೆ ಹೊಳೆಯುವ ಬಿಳಿ ಚೀಟಿ ಇತ್ತು, ಅದರ ಮೇಲೆ ಒಂದಕ್ಷರವೂ ಇರಲಿಲ್ಲ. ‘ಇದಕ್ಕೇನು ಮಾಡಿದ್ರಿ?’

‘ಪ್ರತಿ ಶನಿವಾರ ಸ್ಪಿರಿಟ್ ಹಾಕಿ ಒರೆಸ್ತೀನಲ್ಲ.’

ಉಗುರಿನಿಂದ ಚೀಟಿ ಕೆರೆದು ನೋಡಿದರು. ಆಮೇಲೆ ಕಟ್ಟೆ ಹಿಡಿದುಕೊಂಡು ನಗತೊಡಗಿದರು. ‘ಸಿಸ್ಟರ್, ಪೇಶೆಂಟಿನ ಹೆಸರೂ ಹೀಗೇ ಒರೆಸಿಬಿಡ್ತಿದ್ರಾ?’ ಒಳಗಿನ ಕೋಣೆಯಿಂದ ನಮ್ಮನೆಯವರೂ ನಕ್ಕದ್ದು ಕೇಳಿಸಿತು. ಎರಡು ದಿನದಲ್ಲಿ ಅದೇ ಮೊದಲ ನಗು. ನಾನು ಬೈಸಿಕೊಂಡದ್ದು ಸಾರ್ಥಕವಾಯಿತು.

ಬಿಲ್ಲಿನಲ್ಲಿದ್ದ ನಂಬರ್ ಕೊಟ್ಟು ಆನ್‌ಲೈನಿನಲ್ಲಿ ಒಂದು ಹಿಡಿಕೆ ತರಿಸಿದೆವು. ನೋಡಲು ಅದೇ. ಇಟ್ಟು ನೋಡಿದರೆ ಕೆಳಗಿನ ತೂತಿಗೂ ಬಾಗಿಲಿನ ತೂತಿಗೂ ಒಂದು ಬೆರಳಿನಷ್ಟು ವ್ಯತ್ಯಾಸ. ಮಾರ್ಕೆಟ್ಟಿನಿಂದ ರಿಪೇರಿಯವನನ್ನು ಕರೆಸಿದೆ. ಅವನು ಡ್ರಿಲ್ ಮೆಷಿನ್ ಹಿಡಿದೇ ಬಂದ.

‘ಮಾತಾಜಿ, ನಯಾ ಛೇದ್ ಕರ್ ದೇತಾ ಹೂಂ, ಹೊಸ ತೂತು. ಎರಡೇ ನಿಮಿಷ. ಇದು ಬೇಡವಾದರೆ ಅಲಮಾರಿಯ ಹ್ಯಾಂಡಲ್ ಲಗಾ ದೂಂಗಾ, ಚಕಾಚಕ್!’

ಡ್ರಿಲ್ಲಿನ ಸದ್ದು ಕೇಳಿ ಎದುರಿನ ಬಾಗಿಲು ತೆರೆಯಿತು. ‘ರುಕೋ ಭಯ್ಯಾ!’ ಎಂದು ಬಂದವರು ಡ್ರಿಲ್ಲಿನ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ‘ಬೇರೆ ಯಾವುದಕ್ಕೆ ಬೇಕಾದರೂ ತೂತು ಮಾಡು. ಈ ಬಾಗಿಲಿಗೆ ಮಾಡಬೇಡ. ಒಳಗಿನ ಮೈಕ್ರೋವೇವ್ ಕಿರಣ ಹೊರಗೆ ಬಾರದ ಹಾಗೆ ತಡೆಯೋದೇ ಈ ಬಾಗಿಲು. ಇದರ ಮುಂದೆ ದಿನಾ ನಿಲ್ಲೋದು ಯಾರು, ನೀನಾ?’ ಇಷ್ಟನ್ನೂ ಅವರು ದಾವಣಗೆರೆಯ ಹಿಂದಿಯಲ್ಲಿ ಹೇಳಿದರು. ಅವನು ನಗುತ್ತ ಡ್ರಿಲ್ಲನ್ನು ಚೀಲಕ್ಕೆ ಹಾಕಿದ. ‘ಆಂಟಿ ಠೀಕ್ ಬೋಲ್ ರಹೀ ಹೈಂ’ ಎಂದು ಚಹಾ ಕುಡಿದು ಹೋದ.

ಆಮೇಲೆ ಅವರು ತಮ್ಮ ಓವನ್ನಿನ ಸ್ಟಿಕ್ಕರ್ ಓದಿಕೊಂಡರು. ನಂಬರಿನ ಬಾಲದಲ್ಲಿ ಇನ್ನೂ ಒಂದು ಅಕ್ಷರವಿತ್ತು, ನಮ್ಮ ಬಿಲ್ಲಿನಲ್ಲಿ ಅದನ್ನು ಬಿಟ್ಟಿದ್ದರು. ಆ ಅಕ್ಷರ ಇರುವ ಹಿಡಿಕೆಯೇ ಬೇಕು. ಜೂನ್ ತಿಂಗಳ ಬಿಸಿಲಿನಲ್ಲಿ, ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡು, ಓಖ್ಲಾದ ಬಿಡಿಭಾಗದ ಅಂಗಡಿಗಳಿಗೆ ಹೋದರು. ಫರೀದಾಬಾದಿನಲ್ಲಿ ಹಿಂದೆ ತಮಗೆ ಸಾಮಾನು ಒದಗಿಸುತ್ತಿದ್ದವರ ಬಳಿಗೂ ಹೋದರು. ಎಲ್ಲ ಕಡೆ ಒಂದೇ ಉತ್ತರ: ಆ ಮಾಡೆಲ್ ಬಂದ್ ಹೋ ಗಯಾ. ಫರೀದಾಬಾದಿನ ಒಬ್ಬ ವ್ಯಾಪಾರಿ ಮಾತ್ರ, ಹಳೇ ಗೋದಾಮುಗಳಲ್ಲಿ ಕೇಳಿ ನೋಡುತ್ತೇನೆ, ಬಂದರೆ ಕಳಿಸುತ್ತೇನೆ ಎಂದನಂತೆ.

‘ಸಾಕು ಬಿಡಿ ಇವರೇ’ ಎಂದೆ ನಾನು. ‘ನೀವು ಈ ಬಿಸಿಲಲ್ಲಿ ಬಿದ್ದರೆ ನಿಮ್ಮನ್ನ ನೋಡಿಕೊಳ್ಳೋದೂ ನಾನೇ.’

‘ಬಿಡಿಭಾಗ ಸಿಗುತ್ತೆ ಅಂತ ಮಾತು ಕೊಟ್ಟಿದ್ದು ಕಂಪನಿ ಅಲ್ಲ, ನಾನು’ ಅಂದರು.

ಅಷ್ಟರಲ್ಲಿ ನಮ್ಮನೆಯವರು ಅಡುಗೆಮನೆಯ ಕಡೆ ಹೋಗುವುದನ್ನೇ ಬಿಟ್ಟಿದ್ದರು. ನೀರು ಬೇಕಾದರೂ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅರ್ಧಕ್ಕೆ ಕೈಬಿಟ್ಟು ನನ್ನ ಕಡೆ ಮುಖ ಮಾಡಿ ಕೂತರು. ನಾನು ಹಾಕಲಿಲ್ಲ. ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಮಡಚಿದೆ.

ಅದೇ ದಿನ ಬಾಗಿಲ ಗಂಟೆ ಸದ್ದಾಯಿತು. ಎದುರುಮನೆಯವರು ಒಂದು ಕೈಯಲ್ಲಿ ಸ್ಕ್ರೂಡ್ರೈವರ್, ಇನ್ನೊಂದರಲ್ಲಿ ಹಿಡಿಕೆ ಹಿಡಿದು ನಿಂತಿದ್ದರು.

‘ಸಿಕ್ತಾ! ಎಲ್ಲಿ ಸಿಕ್ತು?’

‘ಸ್ಟೋರಲ್ಲಿತ್ತು’ ಅಂದರು. ಹೊಸ್ತಿಲಾಚೆಯೇ ನಿಂತು ಅಂಗೈ ಚಾಚಿದರು. ‘ಹಳೇದು?’

‘ಇವರೇ, ಅವತ್ತೇ ಹೇಳಿದೆನಲ್ಲ, ಕಸಕ್ಕೆ...’

‘ಹಳೇದು ಪಡೆಯದೆ ಹೊಸದು ಇಶ್ಯೂ ಮಾಡ್ತಿರೋದು ನನ್ನ ಸರ್ವೀಸಿನಲ್ಲಿ ಇದೇ ಮೊದಲು. ನೆನಪಿರಲಿ ಸಿಸ್ಟರ್’ ಎಂದು ಒಳಗೆ ಬಂದರು.

ಕೆಲಸ ಮಾಡುವಾಗ ಅವರು ಮಾತಾಡುತ್ತಿರಲಿಲ್ಲ. ಮೊದಲು ಪ್ಲಗ್ ಕಿತ್ತು ವೈರನ್ನು ಎದುರಿಗೇ ಕಾಣುವಂತೆ ಇಟ್ಟರು. ಬಾಗಿಲಿನ ಒಳಮಗ್ಗುಲಿನ ಪ್ಲಾಸ್ಟಿಕ್ ಚೌಕಟ್ಟಿನ ಅಂಚಿಗೆ ಬಟ್ಟೆ ಸುತ್ತಿದ ಚಪ್ಪಟೆ ಮೊನೆ ತೂರಿಸಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಎಬ್ಬಿಸಿದರು. ಅದರ ಹಿಂದೆ ಎರಡು ತಿರುಪು. ಹಿಡಿಕೆ ಹೊರಗಿನಿಂದ ಕೂತಿತು, ತೂತಿಗೆ ತೂತು ಸೇರಿತು. ಎರಡೂ ತಿರುಪನ್ನು ಮೊದಲು ಸಡಿಲವಾಗಿ ಹಾಕಿ, ಆಮೇಲೆ ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿಮಾಡಿದರು. ಚೌಕಟ್ಟು ಒತ್ತಿ ಕೂರಿಸಿದರು. ಬಾಗಿಲನ್ನು ತೆರೆದು ಮುಚ್ಚಿ, ಮುಚ್ಚಿದ ಮೇಲೆ ಸಂದಿಯುದ್ದಕ್ಕೂ ಉಗುರು ಎಳೆದು ನೋಡಿದರು. ಕೊನೆಗೆ ನಾನು ಕೇಳಿರದಷ್ಟು ಜೋರು ದನಿಯಲ್ಲಿ ಕೂಗಿದರು:

‘ಮೇಷ್ಟ್ರೇ! ಮೂರು ಲೋಟ! ಸಕ್ಕರೆ ಜಾಸ್ತಿ!’

ಅವರು ಏಳುತ್ತಾರೋ ಇಲ್ಲವೋ ಎಂದು ನಾನು ಬಾಗಿಲ ಬಳಿ ನಿಂತಿದ್ದೆ. ಕುರ್ಚಿ ಕಿರುಗುಟ್ಟಿತು. ಗೋಡೆ ಸವರುತ್ತ ಬಂದರು. ಕಟ್ಟೆಯ ಮೇಲೆ ಕೈ ಸಾಗಿತು, ಹಿಡಿಕೆ ಸಿಕ್ಕಿತು. ಅದನ್ನು ಹಿಡಿದು, ತಕ್ಷಣ ಎಳೆಯದೆ, ಮೇಲಿನಿಂದ ಕೆಳಗೆ ಒಮ್ಮೆ ಬೆರಳಾಡಿಸಿದರು. ಮುಖದಲ್ಲಿ ಏನೋ ಸುಳಿಯಿತು. ಎಳೆದರು, ಬಾಗಿಲು ತೆರೆಯಿತು. ಅಂದಿನ ಕಾಫಿಗೆ ಸಕ್ಕರೆ ವಿಪರೀತವಾಗಿತ್ತು. ಎದುರುಮನೆಯವರು ಕಮ್ಮಿ ಎಂದೇ ದೂರಿದರು. ಮರುದಿನ ಬೆಳಿಗ್ಗೆ ಅಂಗಿಯ ಗುಂಡಿಗಳನ್ನು ನಮ್ಮನೆಯವರೇ ಹಾಕಿಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಎದುರುಮನೆಯವರಿಗೆ ಜ್ವರ ಬಂತು. ಅವರು ಕಾಫಿಗೆ ಬಾರದ್ದು ನೋಡಿ ಗಂಜಿ ಮಾಡಿ ಒಯ್ದೆ. ಆ ಮನೆಯಲ್ಲಿ ನಾವು ಕೂರುತ್ತಿದ್ದದ್ದು ಮುಂದಿನ ಕೋಣೆಯಲ್ಲಿ, ಅಡುಗೆಮನೆಗೆ ನಾನು ಹೋಗುವ ಪ್ರಸಂಗ ಬಂದದ್ದು ಕಡಿಮೆ. ಗಂಜಿ ಆರಿತ್ತು, ಬಿಸಿ ಮಾಡೋಣವೆಂದು ಒಳಗೆ ಹೋದೆ. ಅವರ ಓವನ್ನಿಗೆ ಹಿಡಿಕೆ ಇರಲಿಲ್ಲ. ತಿರುಪಿನ ಎರಡು ತೂತಿನಿಂದ ಬಿಳಿ ಲಾಡಿಯೊಂದನ್ನು ತೂರಿಸಿ, ಲಂಗಕ್ಕೆ ಹಾಕುವ ಲಾಡಿ, ಒಳಗೆ ಗಂಟು ಹಾಕಿದ್ದರು. ಅದನ್ನು ಹಿಡಿದು ಎಳೆದರೆ ಬಾಗಿಲು ತೆರೆಯುತ್ತಿತ್ತು.

ಗಂಜಿ ಅಲ್ಲೇ ಬಿಟ್ಟು ಹೊರಗೆ ಬಂದೆ.

‘ಏನಿದು ಇವರೇ?’

ಹೊದಿಕೆಯೊಳಗಿಂದ ಕಣ್ಣು ತೆರೆದರು. ‘ಏನದು?’

‘ಯಾವ ಸ್ಟೋರಲ್ಲಿತ್ತು ಅಂದಿರಿ ನೀವು?’

‘ನನ್ನ ಸ್ಟೋರಲ್ಲಿ. ಸುಳ್ಳೇನು ಹೇಳಿದೆ?’

‘ಈಗಲೇ ಬಿಚ್ಚಿಕೊಂಡು ಬರ್ತೀನಿ.’

‘ಕೂತ್ಕೊಳ್ಳಿ’ ಅಂದರು. ಜ್ವರದಲ್ಲೂ ಕೌಂಟರಿನ ದನಿ. ‘ಇಶ್ಯೂ ಆದ ಭಾಗ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ನನಗೆ ಕಣ್ಣು ಕಾಣುತ್ತೆ, ಲಾಡಿ ಎಲ್ಲಿದೆ ಅಂತ ನೋಡಿ ಹಿಡೀತೀನಿ. ಮೇಷ್ಟ್ರಿಗೆ ಹಿಡಿಯೋಕಾಗಲ್ಲ. ಫರೀದಾಬಾದಿನಿಂದ ಬರುತ್ತಲ್ಲ, ಬಂದಾಗ ಹಾಕ್ಕೊಳ್ತೀನಿ. ಅಲ್ಲಿವರೆಗೆ...’

ನಿಲ್ಲಿಸಿದರು. ಮುಂದಿನ ಮಾತು ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

‘ಹೇಳಿ’ ಎಂದೆ ನಾನು. ‘ಬಾಯಿ ಬಿಟ್ಟು ಹೇಳಿ.’

‘ಸದ್ಯಕ್ಕೆ’ ಎಂದು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡರು. ಹೊದಿಕೆ ನಗುವಿಗೆ ಅಲುಗುತ್ತಿತ್ತು. ಆಮೇಲೆ ಒಳಗಿನಿಂದಲೇ, ‘ಮೇಷ್ಟ್ರಿಗೆ ಹೇಳಬೇಡಿ. ಸಂಕೋಚದ ಮನುಷ್ಯ, ಮುಟ್ಟೋದೇ ಬಿಟ್ಟಾರು’ ಅಂದರು.

ನಾನು ಹೇಳಲಿಲ್ಲ. ಅವರಿಗೆ 'ಥ್ಯಾಂಕ್ಸ್' ಅನ್ನಲೂ ಇಲ್ಲ, ಅವರ ಮುಂದೆ ಆ ಮಾತು ನಿಲ್ಲುತ್ತಿರಲಿಲ್ಲ. ಗಂಜಿಯನ್ನು ಲಾಡಿ ಎಳೆದು ಬಿಸಿ ಮಾಡಿ ತಂದೆ. ಉಪ್ಪು ಕಮ್ಮಿ ಅಂದರು.

ಚಳಿಗಾಲದಲ್ಲಿ ಹೊಗೆ ಮಂಜು ದಟ್ಟವಾದ ವಾರದಲ್ಲಿ ಅವರಿಗೆ ಉಸಿರಾಟ ಕಷ್ಟವಾಯಿತು. ಆಸ್ಪತ್ರೆಗೆ ಸೇರಿಸಿದವಳು ನಾನೇ, ಅಲ್ಲಿ ಜೊತೆಗೆ ಕೂತವಳೂ ನಾನೇ. ಆಮ್ಲಜನಕದ ಮುಖವಾಡದ ಪಟ್ಟಿ ಸಡಿಲವಾಗಿದೆ ಎಂದು ಅವರು ಕೈಸನ್ನೆಯಲ್ಲಿ ತೋರಿಸಿದರು. ನಾನು ಗಂಟು ಹಾಕಿ ಬಿಗಿಮಾಡಲು ಹೋದೆ. ತಲೆಯಾಡಿಸಿದರು. ನಾನು ನರ್ಸನ್ನು ಕರೆದು ಬೇರೆ ಪಟ್ಟಿಯನ್ನೇ ಹಾಕಿಸಿದೆ. ಆಗ ಕಣ್ಣು ಮುಚ್ಚಿಕೊಂಡರು. ಮರುದಿನ ಹೋದರು.

ಅಣ್ಣನ ಮಗಳು ಬಂದು ಮನೆ ಖಾಲಿ ಮಾಡಿದಳು. ಫರೀದಾಬಾದಿನಲ್ಲಿ ಬೆಳೆದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ನೆನಪಿಗೆ ಏನಾದರೂ ಇಟ್ಟುಕೊಳ್ಳಿ ಆಂಟಿ ಎಂದಳು. ಆ ಓವನ್ ಕೊಡು ಎಂದೆ. ‘ಆಂಟಿ, ವೋ ತೋ ಟೂಟಾ ಹುವಾ ಹೈ!’ ಎಂದಳು, ಮುರಿದದ್ದು ಯಾಕೆ ಎಂದು ಆಶ್ಚರ್ಯಪಟ್ಟಳು. ಅದನ್ನು ತಂದು ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಮುಚ್ಚಿಟ್ಟೆ. ನಮ್ಮನೆಯವರು ಅದೇನು ಎಂದು ಕೇಳಲಿಲ್ಲ.

ಕಳೆದ ವಾರ ಪಾರ್ಸೆಲ್ ಬಂತು. ಮೇಲೆ ತೀರಿಹೋದವರ ಹೆಸರಿತ್ತು, ಈಗ ಎದುರುಮನೆಯಲ್ಲಿರುವ ಹುಡುಗಿ ಯಾರದೆಂದು ಗೊತ್ತಾಗದೆ ನನ್ನ ಬಳಿ ತಂದಳು. ಫರೀದಾಬಾದಿನ ವ್ಯಾಪಾರಿ ಮಾತು ಮರೆತಿರಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ವಾಸನೆಯ, ಕಾಗದ ಕೂಡ ಬಿಚ್ಚಿರದ ಹಿಡಿಕೆ. ನಂಬರಿನ ಬಾಲದಲ್ಲಿ ಆ ಅಕ್ಷರ ಇತ್ತು. ನಾನು ಊಟದ ಮೇಜಿನ ಮುಂದೆ ಅದನ್ನು ಹಿಡಿದು ಕೂತೆ. ನಮ್ಮನೆಯವರು ಕೈ ಚಾಚಿದರು, ಕೊಟ್ಟೆ. ಬೆರಳಾಡಿಸಿದರು.

‘ಬಂತಾ ಅವರದು?’ ಅಂದರು.

‘ಅವರದು ಅಂತ ನಿಮಗೆ ಯಾರು ಹೇಳಿದರು?’

‘ಯಾರು ಹೇಳಬೇಕು? ಅವತ್ತು ಹಾಕಿಕೊಟ್ಟದ್ದು ಹೊಸದಾಗಿರಲಿಲ್ಲ ಕಣೇ. ಹೆಬ್ಬೆರಳು ಕೂರುವ ಜಾಗ ಸವೆದು ನುಣ್ಣಗಾಗಿತ್ತು. ನನ್ನ ಹೆಬ್ಬೆರಳು ಕೂರುವ ಕಡೆ ಅಲ್ಲ, ಅದರ ಆಚೆ ಕಡೆ.’ ತಮ್ಮ ಎಡಗೈಯನ್ನು ಗಾಳಿಯಲ್ಲಿ ಹಿಡಿಕೆ ಹಿಡಿದಂತೆ ಮಾಡಿ ತೋರಿಸಿದರು. ‘ಎಡಗೈಯಲ್ಲಿ ಬಾಗಿಲು ತೆಗೆಯುವವರು ನಮಗೆ ಇನ್ನು ಯಾರು ಗೊತ್ತು?’

‘ಗೊತ್ತಿದ್ದೂ ಸುಮ್ಮನಿದ್ರಾ?’

‘ಹೇಳಿದ್ದರೆ ಅವರಿಗೆ ಸಂಕೋಚ ಆಗುತ್ತಿತ್ತು’ ಅಂದರು. ಹಿಡಿಕೆಯನ್ನು ಮೇಜಿನ ಮೇಲಿಟ್ಟು, ‘ಅದಕ್ಕೇ ದಿನಾ ಮೊದಲನೇ ಲೋಟ ಅವರಿಗೆ ಇಡುತ್ತಿದ್ದೆ. ಕೆನೆ ಇರುವುದು’ ಅಂದರು.

ಹೊಸದನ್ನು ನಮ್ಮದಕ್ಕೆ ಹಾಕಲೇ ಎಂದು ಕೇಳಿದೆ. ‘ಬೇಡ. ನಮ್ಮದರಲ್ಲಿ ಅವರದೇ ಇರಲಿ’ ಎಂದು ಎದ್ದು ಅಡುಗೆಮನೆಗೆ ಹೋದರು.

ನಾನು ಬಾಲ್ಕನಿಯಿಂದ ಅವರ ಓವನ್ ತಂದು ಮೇಜಿನ ಮೇಲಿಟ್ಟೆ. ಪ್ಲಗ್ಗನ್ನು ಎದುರಿಗೆ ಕಾಣುವಂತೆ ಇಟ್ಟೆ. ಮೊನೆಗೆ ಬಟ್ಟೆ ಸುತ್ತಿ ಚೌಕಟ್ಟು ಎಬ್ಬಿಸಿದೆ, ಗಂಟು ಬಿಚ್ಚಿ ಲಾಡಿ ಎಳೆದು ತೆಗೆದೆ, ಹಿಡಿಕೆ ಕೂರಿಸಿದೆ. ಒಂದನ್ನು ಸ್ವಲ್ಪ, ಇನ್ನೊಂದನ್ನು ಸ್ವಲ್ಪ ಬಿಗಿಮಾಡಿದೆ. ಸಂದಿಗೆ ಉಗುರು ಎಳೆದು ನೋಡಿದೆ. ಸ್ಟಿಕ್ಕರನ್ನು ಮುಟ್ಟಲಿಲ್ಲ. ಎದುರುಮನೆಯ ಹುಡುಗ ಹುಡುಗಿಗೆ ಓವನ್ ಇರಲಿಲ್ಲ, ತಣ್ಣಗಿನ ಡಬ್ಬಿ ಊಟ ಮಾಡುತ್ತಿದ್ದದ್ದು ನಾನು ನೋಡಿದ್ದೆ. ಕರೆದು, ಒಯ್ಯಿರಿ ಎಂದೆ. ‘ಇದರ ಜಾಗ ನಿಮ್ಮ ಅಡುಗೆಮನೆಯಲ್ಲೇ, ಕಿಟಕಿಯ ಬಲಗಡೆ.’ ಹುಡುಗ ಎತ್ತಿಕೊಂಡ, ಹುಡುಗಿ ವೈರು ಹಿಡಿದು ಹಿಂದೆ ನಡೆದಳು. ಥ್ಯಾಂಕ್ಯೂ ಆಂಟಿ, ಥ್ಯಾಂಕ್ಯೂ ಆಂಟಿ ಎನ್ನುತ್ತ ಒಳಗೆ ಹೋದರು.

ನಾನು ಎರಡು ಬಾಗಿಲಿನ ನಡುವೆ ನಿಂತಿದ್ದೆ. ಬಿಳಿ ಲಾಡಿ ಕೈಯಲ್ಲೇ ಉಳಿದಿತ್ತು. ಕೊನೆಗೂ ನನ್ನ ಹತ್ತಿರ ಒಪ್ಪಿಸಲು ಹಳೆಯದೊಂದು ಇತ್ತು. ಅಂಗೈ ಚಾಚಿ ಕೇಳುವವರು ಇರಲಿಲ್ಲ.